ರೇಡಿಯೇಟರಿನ ಗಂಗವ್ವ

ಬಸಲಿಂಗಪ್ಪನವರು ಮೂವತ್ತೆರಡು ವರ್ಷ ಸರ್ವೇ ಇಲಾಖೆಯಲ್ಲಿದ್ದು ಖಾನಾಪುರ ತಾಲೂಕಿನ ಹೊಲಗಳನ್ನು ಸರಪಳಿ ಹಿಡಿದು ಅಳೆದವರು. ಅಷ್ಟೂ ವರ್ಷ ನಡೆದೇ ಅಳೆದರು. ನಿವೃತ್ತರಾದ ಮೇಲೆ, ೧೯೭೯ರ ದೀಪಾವಳಿ ಮುಗಿದ ವಾರ, ಬೆಳಗಾವಿ ಕ್ಯಾಂಪಿನ ಒಬ್ಬ ಮಿಲಿಟರಿ ಡಾಕ್ಟರರಿಂದ ಹಳೆಯ ಅಂಬಾಸಿಡರ್ ಕಾರೊಂದನ್ನು ಕೊಂಡು ಟಿಳಕವಾಡಿಯ ತಮ್ಮ ಮನೆಯ ಮುಂದೆ ನಿಲ್ಲಿಸಿದರು. ಮನುಷ್ಯನ ಕಾಲು ಸವೆದ ಮೇಲೆ ದೇವರು ಗಾಲಿ ಕೊಡುತ್ತಾನೆ ಎಂಬುದು ಅವರ ನಂಬಿಕೆ. ಗಾಲಿಯ ಮೇಲೆ ಎಂಜಿನ್ ಇರುತ್ತದೆ, ಎಂಜಿನ್ ಕಾಯುತ್ತದೆ ಎಂಬ ಮಾತನ್ನು ದೇವರು ಎಂಟು ದಿನ ತಡೆದು ತಿಳಿಸಿದ.

ಎಂಟನೆಯ ದಿನ ಕಾರಿನ ಮೂತಿಯಿಂದ ಉಗಿ ಎದ್ದಿತು. ಕ್ಯಾಂಪಿನಲ್ಲಿ ಚರ್ಚಿನ ಹಿಂದೆ ಗ್ಯಾರೇಜು ಇಟ್ಟಿದ್ದ ಹುಸೇನಪೀರ ಬಂದು ನೋಡಿದ. ಅವನು ಮಾತು ಕಡಿಮೆಯ ಮನುಷ್ಯ. ಎಂಜಿನ್ನಿನ ಮೇಲೆ ಅಂಗೈ ಇಟ್ಟು, ನಾಡಿ ಹಿಡಿದ ವೈದ್ಯನ ಹಾಗೆ ಕಣ್ಣು ಮುಚ್ಚಿ ನಿಲ್ಲುವನು. ಕಣ್ಣು ತೆರೆದಾಗ ರೋಗದ ಹೆಸರು ಹೇಳುವನು.

“ಸಾಹೇಬ್ರ, ರೇಡಿಯೇಟರ್ ಪೂರಾ ಹೋಗೈತ್ರಿ. ನೀರಿನ ಪಂಪೂ ಹೋಗೈತಿ. ತ್ಯಾಪಿ ಹಚ್ಚಿದ್ರ ನಾಕ ದಿನ ನಡೀತೈತಿ. ಖರೇ ಕೇಳಿದ್ರ ಎಲ್ಲಾ ಹೊಸಾದ ಹಾಕೂದ ಚಲೋ.”

ಕೊಲ್ಹಾಪುರದಿಂದ ಹೊಸ ರೇಡಿಯೇಟರ್ ಬಂತು. ಹೊಸ ಪಂಪು, ಹೊಸ ರಬ್ಬರ್ ಪೈಪು, ಎಂಜಿನ್ ಕಾದಾಗ ತಾನೇ ಬಾಯಿ ತೆರೆದು ನೀರು ಬಿಡುವ ಒಂದು ಸಣ್ಣ ವಾಲ್ವೂ ಬಂತು. ಎಲ್ಲವನ್ನೂ ಕೂಡಿಸಿ, ನೀರು ತುಂಬಿಸಿ, ಹುಸೇನಪೀರ ಕ್ಯಾಪು ಬಿಗಿದು ಹೇಳಿದ.

“ಈ ಕ್ಯಾಪ್ ಯಾರೂ ಮುಟ್ಟಬಾರದ್ರಿ. ಒಳಗ ಚೊಕ್ಕ ನೀರ ಐತಿ. ಕಡಿಮಿ ಆದ್ರ ನನಗ ಹೇಳ್ರಿ, ನಾ ಬಂದು ಹಾಕ್ತೀನಿ.”

ಬಸಲಿಂಗಪ್ಪನವರು ತಲೆ ಆಡಿಸಿದರು. ಒಳಗೆ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಕಾಂತವ್ವ ತಲೆ ಆಡಿಸಲಿಲ್ಲ.

ಕಾಂತವ್ವನ ತವರೂರಲ್ಲಿ ಹೊಸ ಬಾವಿಗೆ ಜಲ ಬಿದ್ದ ದಿನ ಯಾರೂ ಆ ನೀರನ್ನು ಸುಮ್ಮನೆ ಸೇದುವುದಿಲ್ಲ. ಮೊದಲು ಮನೆಯ ಮುತ್ತೈದೆ ಹೋಗಿ ಅರಿಸಿನ, ಕುಂಕುಮ, ಅಕ್ಷತೆಯನ್ನು ನೀರಿಗೆ ಬಿಡಬೇಕು, ಹಸಿರು ಬಳೆ ಏರಿಸಬೇಕು. ನೀರು ಹೊಸ ಜಾಗಕ್ಕೆ ಬಂತೆಂದರೆ ಗಂಗವ್ವ ಹೊಸ ಮನೆಗೆ ಬಂದಳೆಂದೇ ಅರ್ಥ. ಬಂದವಳಿಗೆ ಉಡಿ ತುಂಬದೆ ಕೆಲಸಕ್ಕೆ ಹಚ್ಚಿದರೆ ಅವಳು ಸಿಟ್ಟಾಗುತ್ತಾಳೆ. ಇದರಲ್ಲಿ ತಪ್ಪೇನೂ ಇಲ್ಲ. ನೀರಿಗೆ ಕೈಮುಗಿದು ಕೆಟ್ಟವರನ್ನು ನಾವು ನೋಡಿಲ್ಲ. ಬಾವಿಯ ಬಾಯಿ ಎಂಟು ಮೊಳ ಇರುತ್ತದೆ, ರೇಡಿಯೇಟರಿನ ಬಾಯಿ ಎರಡು ಬೆರಳು ಇರುತ್ತದೆ ಎಂಬ ಭೇದ ಮಾತ್ರ ಆ ತಾಯಿಗೆ ಹೊಳೆಯಲಿಲ್ಲ.

“ಹೊಸಾ ಜಾಗಾದಾಗ ಹೊಸಾ ನೀರ ಬಂದಾವು. ಗಂಗವ್ವಗ ನಾಕ ಕಾಳ ಅಕ್ಷತಿ ಇಲ್ಲಂದ್ರ ಹ್ಯಾಂಗ್ರಿ?” ಎಂದಳು ಕಾಂತವ್ವ.

“ಹುಸೇನಪೀರ ಮುಟ್ಟಬ್ಯಾಡ ಅಂದಾನ.”

“ಅಂವ ಬ್ಯಾಡ ಅಂದಿದ್ದ ಹೊಲಸ ಕೈಗೆ. ನಾ ಈಗ ಜಳಕಾ ಮಾಡಿ ಬಂದೀನಿ.”

ಅಳತೆಯಲ್ಲಿ ಒಂದು ಗೇಣನ್ನೂ ಬಿಟ್ಟುಕೊಡದ ಬಸಲಿಂಗಪ್ಪನವರು ಹೆಂಡತಿಯ ಎದುರು ಎಕರೆಗಟ್ಟಲೆ ಬಿಟ್ಟುಕೊಡುತ್ತಿದ್ದರು. ಕ್ಯಾಪು ಬಿಗಿಯಾಗಿತ್ತು, ಅವರೇ ಟವೆಲ್ಲು ಸುತ್ತಿ ತಿರುವಿದರು. ಕಾಂತವ್ವ ಅರಿಸಿನ, ಕುಂಕುಮ, ಒಂದು ಚಿಟಿಕೆ ವಿಭೂತಿ, ಒಂದು ಹಿಡಿ ಅಕ್ಷತೆಯನ್ನು ಒಳಗೆ ಬಿಟ್ಟಳು. ಹಸಿರು ಬಳೆ ಒಳಗೆ ಹೋಗಲೊಲ್ಲದು. ಅದನ್ನು ಕ್ಯಾಪಿನ ಕೊರಳಿಗೆ ಮುಟ್ಟಿಸಿ ತನ್ನ ಕೈಗೇ ಏರಿಸಿಕೊಂಡಳು. ಇಬ್ಬರೂ ಬಾನೆಟ್ಟಿಗೆ ಕೈಮುಗಿದರು.

ಮೂರನೆಯ ದಿನ ಟಿಳಕವಾಡಿಯ ಮೊದಲನೇ ರೈಲ್ವೆ ಗೇಟಿನಲ್ಲಿ, ಮೀರಜದ ಪ್ಯಾಸೆಂಜರಿಗಾಗಿ ಗೇಟು ಹಾಕಿದ್ದಾಗ, ಅಂಬಾಸಿಡರ್ ಕುದಿಯಿತು. ಆ ಕಡೆಯಿಂದ ರೈಲಿನ ಎಂಜಿನ್ ಉಗಿ ಬಿಡುತ್ತ ಬಂತು, ಈ ಕಡೆ ಬಸಲಿಂಗಪ್ಪನವರ ಕಾರು ಉಗಿ ಬಿಡುತ್ತ ನಿಂತಿತು. ರೈಲು ಹೋಯಿತು. ಗೇಟು ತೆರೆಯಿತು. ಕಾರು ಕದಲಲಿಲ್ಲ. ಹಿಂದೆ ಟಾಂಗಾಗಳು, ಹಾಲಿನ ಸೈಕಲ್ಲುಗಳು, ಮದುವೆಯ ದಿಬ್ಬಣದ ಒಂದು ಟ್ರಕ್ಕು. ಪೋಲೀಸಪ್ಪ ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

“ಯಜಮಾನ್ರ, ಇದರ ಕಾಗದಾ ತೋರಸ್ರಿ.”

ಕಾಗದ ತೋರಿಸಿದರು. ಪೋಲೀಸಪ್ಪ ಓದಿ, ಮಡಚಿ, ಗಂಭೀರವಾಗಿ ಮರಳಿ ಕೊಟ್ಟ.

“ಇದು ಮೋಟಾರ ಲೈಸನ್ಸ ಆತ್ರಿ. ಬಾಯ್ಲರಿಂದು ಎಲ್ಲೈತಿ?”

ಇದನ್ನು ಕೇಳಿದವರಲ್ಲಿ ಬಸಲಿಂಗಪ್ಪನವರ ನೆರೆಮನೆಯ ಸಿದ್ದಪ್ಪನೂ ಒಬ್ಬ. ಊರಿನ ಸುದ್ದಿಯನ್ನು ಊರಿಗೇ ತಿರುಗಿ ಹಂಚುವ ಸೇವೆಯನ್ನು ಅವನು ಯಾರೂ ಹೇಳದೆಯೇ ಕೈಗೊಂಡಿದ್ದ. ಅವನು ಹೇಳಿದ್ದು ಇಷ್ಟೇ: “ಹೊಸಾದ ಹಾಕಿದ್ರೂ ಕುದೀತೈತಿ ಅಂದ್ರ ಅದು ಹೊಸಾದ ಹೌದೋ ಅಲ್ಲೋ ನೋಡಬೇಕಲಾ.” ಈ ಮಾತು ಎರಡನೇ ಗೇಟು ದಾಟುವಾಗ ‘ಹಳೇ ರೇಡಿಯೇಟರಿಗೆ ಬಣ್ಣ ಬಳಿದು ಕೊಟ್ಟಾನಂತ’ ಎಂದಾಯಿತು, ರೈಲ್ವೆ ಸ್ಟೇಶನ್ ದಾಟುವಾಗ ‘ಹೊಸಾದ ಮಾರಕೊಂಡು ಎಣ್ಣಿ ಡಬ್ಬಿ ಬೆಸದಾನಂತ’ ಎಂದಾಯಿತು. ಕ್ಯಾಂಪು ಮುಟ್ಟುವಷ್ಟರಲ್ಲಿ ಆ ಎಣ್ಣೆ ಡಬ್ಬಿಯೂ ಕದ್ದದ್ದಾಗಿತ್ತು.

ಹುಸೇನಪೀರನಿಗೆ ಇದು ಕೇಳಿಸಿತು. ಅವನು ಜಗಳಕ್ಕೆ ಹೋಗಲಿಲ್ಲ, ಕಾರಿನ ಕಡೆಗೆ ಹೋದ. ಫ್ಯಾನಿನ ಬೆಲ್ಟು ಒತ್ತಿ ನೋಡಿದ, ಬಿಗಿಯಾಗಿತ್ತು. ಆಯಿಲ್ಲಿನ ಕಡ್ಡಿ ಎತ್ತಿ ನೋಡಿದ. ಆಯಿಲ್ಲಿಗೆ ನೀರು ಸೇರಿರಲಿಲ್ಲ. ವಾಲ್ವು ಬಿಚ್ಚಿ ಮನೆಗೆ ಒಯ್ದು ತನ್ನ ತಾಯಿಯ ಚಹದ ಪಾತೇಲಿಯಲ್ಲಿ ಹಾಕಿ ಕುದಿಸಿದ. ವಾಲ್ವು ಹೊತ್ತಿಗೆ ಸರಿಯಾಗಿ ಬಾಯಿ ತೆರೆಯಿತು, ತಾಯಿಯೂ ತೆರೆದಳು. ಪೈಪಿನಲ್ಲಿ ಗಾಳಿ ಸಿಕ್ಕಿರಬಹುದೆಂದು ಕಾರಿನ ಮೂತಿಯನ್ನು ದಿಬ್ಬಕ್ಕೆ ಹತ್ತಿಸಿ ನಿಲ್ಲಿಸಿ ಗುಳ್ಳೆ ಬಿಡಿಸಿದ. ಕೆಳಗಿನ ನಲ್ಲಿ ಬಿಚ್ಚಿದಾಗ ನೀರು ಹಳದಿ ಬಣ್ಣದಲ್ಲಿ ಇಳಿಯಿತು. ಹಳೆಯ ಎಂಜಿನ್ನಿನ ತುಕ್ಕೆಂದು ಬಗೆದು, ಎಲ್ಲ ಚೆಲ್ಲಿ, ಹೊಸ ನೀರು ತುಂಬಿಸಿದ. ರೇಡಿಯೇಟರಿನ ಮೇಲೆ ಮಾತ್ರ ಅವನಿಗೆ ಸಂಶಯ ಬರಲಿಲ್ಲ. ಪೆಟ್ಟಿಗೆಯಿಂದ ತನ್ನ ಕೈಯಾರೆ ತೆಗೆದು ಕೂಡಿಸಿದ್ದು. ಅದನ್ನು ಶಂಕಿಸುವುದೆಂದರೆ ಹೊಸ ಸೊಸೆಯ ಮೇಲೆ ಮೊದಲ ದಿನವೇ ಕಳವು ಹೊರಿಸಿದಂತೆ.

“ಸಾಹೇಬ್ರ, ಕ್ಯಾಪ್ ಯಾರೂ ಮುಟ್ಟಿಲ್ಲ ಹೌದಲ್ರಿ?”

“ನನ್ನ ಕೈ ಮುಟ್ಟಿಲ್ಲ” ಎಂದರು ಬಸಲಿಂಗಪ್ಪನವರು. ಮುಟ್ಟಿದ್ದು ಟವೆಲ್ಲು.

ಹುಸೇನಪೀರ ಆ ಕಡೆ ಹೋದ. ಕಾಂತವ್ವ ತಟ್ಟೆ ಹಿಡಿದು ಈ ಕಡೆ ಬಂದಳು. “ಹೊಸಾ ನೀರ ಬಂದಾವ ನೋಡ್ರಿ. ಹ್ವಾದ ಸಲ ಕಡಿಮಿ ಆತಂತ ಕಾಣತೈತಿ, ಆಕಿ ಸಿಟ್ಟಿಗೆದ್ದಾಳ.” ಈ ಸಲ ಎರಡು ಹಿಡಿ ಹಾಕಿದಳು.

ಹೀಗೆ ನಾಲ್ಕು ಸಲ ನಡೆಯಿತು. ಕಾರು ಕಾದಾಗಲೆಲ್ಲ ಹುಸೇನಪೀರ ನೀರು ಬದಲಿಸಿದ. ನೀರು ಬದಲಾದಾಗಲೆಲ್ಲ ಕಾಂತವ್ವ ಪೂಜೆ ಮಾಡಿದಳು. ಪೂಜೆಯಾದಾಗಲೆಲ್ಲ ಕಾರು ಕಾದಿತು. ಮೂವರೂ ಶ್ರದ್ಧೆಯುಳ್ಳವರು, ಯಾರೂ ತಮ್ಮ ಕರ್ತವ್ಯ ತಪ್ಪಲಿಲ್ಲ. ನಾಲ್ಕು ಸಲವೂ ಹುಸೇನಪೀರ ಕ್ಯಾಪಿನ ಮಾತು ಕೇಳಿದ, ನಾಲ್ಕು ಸಲವೂ ಬಸಲಿಂಗಪ್ಪನವರ ಟವೆಲ್ಲು ಅವರನ್ನು ಕಾಪಾಡಿತು.

ಒಂದು ಮಧ್ಯಾಹ್ನ ಹುಸೇನಪೀರನ ತಾಯಿ ಶಾಹಜಾದಿ ಟಿಳಕವಾಡಿಗೆ ನಡೆದು ಬಂದಳು. ಪಡಸಾಲೆಯ ಮೆಟ್ಟಿಲ ಮೇಲೇ ಕುಳಿತಳು. ಕಾಂತವ್ವ “ಒಳಗ ಬರ್ರಿ, ಮ್ಯಾಲ ಕುಂದರ್ರಿ” ಎಂದು ಎಬ್ಬಿಸಿ ಜಮಖಾನೆಯ ಮೇಲೆ ಕೂಡಿಸಿ ಚಹ ಕೊಟ್ಟಳು.

“ಅಣ್ಣಾರ, ನಾ ಗಾಡಿ ಮಾತ ಆಡಾಕ ಬಂದಿಲ್ರಿ, ನನಗೇನ್ ತಿಳೀತೈತಿ” ಎಂದಳು ಶಾಹಜಾದಿ. “ಸ್ಟೇಶನ್ನಿನ ಗೌಸಸಾಬ ತನ್ನ ಮೂರೂ ಟ್ಯಾಕ್ಸಿ ನಮ್ಮ ಹುಸೇನಗ ರಿಪೇರಿಗೆ ಕೊಡ್ತೀನಿ ಅಂದಿದ್ದ. ಈಗ ಒಲ್ಲೆ ಅಂದಾನ. ಗಿರಾಕಿ ಯಾರೂ ಬರವಲ್ಲರು. ನಾಡದ ನಿಮ್ಮ ಗಾಡಿ ಖಾನಾಪುರತನಾ ಹೊಡದು ನೋಡ್ತಾನಂತ. ಕುದೀಲಿಲ್ಲಂದ್ರ ಆತು. ಕುದೀತಂದ್ರ ಗ್ಯಾರೇಜಿಗೆ ಕೀಲಿ ಹಾಕಿ ಮೀರಜಕ್ಕ ಹೋಗಿ ಯಾರದರ ಕೈಯಾಗ ದುಡೀತೀನಿ ಅಂತಾನ. ಬೆಳಗಾವ್ಯಾಗ ಮಾರಿ ತೋರಸಾಕ ಆಗೂದಿಲ್ಲಂತ. ಹುಟ್ಟಿದ ಊರ ಬಿಟ್ಟ ಹೋಗ್ತಾನ್ರಿ ಅಂವ.”

ಕಾಂತವ್ವನ ಕಣ್ಣಲ್ಲಿ ನೀರು ಬಂತು. ಅವಳು ಶಾಹಜಾದಿಯ ಕೈ ಹಿಡಿದಳು.

“ನೀವು ಚಿಂತಿ ಬಿಡ್ರಿ ಬಾಯಿ. ನಿಮ್ಮ ಮಗನ ಸಲುವಾಗಿ ನಾ ಗಂಗವ್ವಗ ಪೂರಾ ಉಡೀನ ತುಂಬತೀನಿ.”

ತುಂಬಿದಳು. ಮರುದಿನ ಸಂಜೆ ಹುಸೇನಪೀರ ಹೊಸ ನೀರು ಹಾಕಿ ಹೋದ. ಪರೀಕ್ಷೆಯ ದಿನ ಬೆಳಗಾಗುತ್ತಲೇ ಕಾಂತವ್ವ ಉಪವಾಸವಿದ್ದು, ಐದು ಹಿಡಿ ಅಕ್ಷತೆಯನ್ನು, ಒಂದೊಂದು ಹಿಡಿಗೂ ಹುಸೇನಪೀರನ ಹೆಸರು ಹೇಳಿ, ಒಳಗೆ ಬಿಟ್ಟಳು. ಅಷ್ಟು ನಿರ್ಮಲವಾದ ಪ್ರಾರ್ಥನೆ ಆ ದಿನ ಬೆಳಗಾವಿಯಲ್ಲಿ ಇನ್ನೊಂದು ನಡೆದಿರಲಾರದು.

ಹುಸೇನಪೀರ ಚಕ್ರ ಹಿಡಿದ. ಬಾಜುವಿಗೆ ಬಸಲಿಂಗಪ್ಪನವರು. ಹಿಂದೆ ಕಾಂತವ್ವ, ಖಾನಾಪುರದಲ್ಲಿದ್ದ ಗಂಡನ ಅಕ್ಕ ಕಾಶವ್ವನಿಗೆ ಕೊಡಲು ಹೋಳಿಗೆಯ ಡಬ್ಬಿ ಹಿಡಿದು. ಅವಳ ಪಕ್ಕಕ್ಕೆ, ಕರೆಯದೆ ಬಂದ ಸಿದ್ದಪ್ಪ.

“ನಾ ಯಾಕ ಬಂದೆ ಅಂದ್ರ, ನಾಳೆ ಯಾರರ ಕೇಳಿದ್ರ ಕಣ್ಣಾರೆ ನೋಡಿದವ ಒಬ್ಬ ಬೇಕಲ್ರಿ” ಎಂದ.

ಪೀರಣವಾಡಿ ದಾಟಿತು, ಮಚ್ಛೆ ದಾಟಿತು. ಯಾರೂ ಹೊರಗೆ ನೋಡಲಿಲ್ಲ. ನಾಲ್ವರ ಎಂಟು ಕಣ್ಣೂ ಎಂಜಿನ್ನಿನ ಕಾವು ತೋರಿಸುವ, ಗಡಿಯಾರದಂಥ ಮೀಟರಿನ ಮುಳ್ಳಿನ ಮೇಲೆ. ದೇಸೂರಿನ ಹತ್ತಿರ ಮುಳ್ಳು ಎದ್ದಿತು. ಕಾಂತವ್ವ ಮನಸ್ಸಿನಲ್ಲೇ ಮಂತ್ರ ಹೇಳತೊಡಗಿದಳು. ಅವಳ ತುಟಿ ಆಡಿದಷ್ಟೂ ಮುಳ್ಳು ಏರಿತು. ಗಣೇಬೈಲಿನ ಚಹದಂಗಡಿಯ ಮುಂದೆ ಬಾನೆಟ್ಟಿನ ಸಂದಿಯಿಂದ ಬಿಳಿಯ ಉಗಿ ಎದ್ದು ಮುಂದಿನ ಗಾಜು ಮುಚ್ಚಿತು.

ಹುಸೇನಪೀರ ಕಾರು ನಿಲ್ಲಿಸಿದ.

“ಆತ್ರಿ” ಎಂದ. “ಮೀರಜಕ್ಕ ಹೋಗೂ ಮುಂದ ಒಮ್ಮೆ ಪೂರಾ ಬಿಚ್ಚಿ ನೋಡಿಬಿಡ್ತೀನಿ.”

ಎಂಜಿನ್ ಆರಲು ಬಿಟ್ಟು, ಒದ್ದೆ ಚೀಲ ಹಿಡಿದು, ಅವನು ರೇಡಿಯೇಟರಿನ ಮೇಲೆ ಅಂಗೈ ಇಟ್ಟ. ಕಣ್ಣು ಮುಚ್ಚಿದ. ಅಂಗೈ ಮೇಲಿನಿಂದ ಕೆಳಕ್ಕೆ ಇಳಿಯಿತು. ಕಣ್ಣು ತೆರೆದ.

“ಮ್ಯಾಲ ಬೆಂಕಿ ಐತಿ, ತೆಳಗ ಥಂಡ ಐತಿ. ನೀರ ತೆಳಗ ಇಳಿವಲ್ಲವು. ಒಳಗ ಏನೋ ಕುಂತೈತ್ರಿ.”

ಚಹದಂಗಡಿಯಲ್ಲಿದ್ದವರೆಲ್ಲ ಎದ್ದು ಬಂದರು. ಹುಸೇನಪೀರ ನಾಲ್ಕು ಬೋಲ್ಟು ತೆಗೆದು, ಪೈಪು ಕಳಚಿ, ರೇಡಿಯೇಟರನ್ನು ಹೊರಗೆ ತಂದು ರಸ್ತೆಯ ಬದಿಗೆ ಬೋರಲು ಹಿಡಿದು ಕೊಡವಿದ.

ಅನ್ನ ಬಿತ್ತು.

ಹಳದಿ ಅನ್ನ. ಹದವಾಗಿ ಬೆಂದು, ಒಂದೊಂದು ಅಗಳೂ ಉಬ್ಬಿ, ಬಿಸಿಬಿಸಿಯಾಗಿ. ಮೊದಲು ಒಂದು ತುತ್ತಿನಷ್ಟು, ಮತ್ತೆ ಕೊಡವಿದಾಗ ಒಬ್ಬರ ಊಟಕ್ಕೆ ಸಾಕಾಗುವಷ್ಟು. ತಲೆಯ ಮೇಲೆ ಸೌದೆ ಹೊತ್ತು ನಿಂತಿದ್ದ ಒಬ್ಬ ಮುದುಕಿ ಬಾಗಿ ಒಂದಗಳು ತೆಗೆದು ಬೆರಳಲ್ಲಿ ಹಿಸುಕಿದಳು. “ಭಾತ ಚಾಂಗ್ಲಾ ಶಿಜಲಾಯ” ಎಂದು, ಅನ್ನ ಚೆನ್ನಾಗಿ ಬೆಂದಿದೆಯೆಂಬ ತೀರ್ಪನ್ನು ಮರಾಠಿಯಲ್ಲಿ ಕೊಟ್ಟಳು.

ಸಿದ್ದಪ್ಪ ಮುಂದೆ ಬಂದ.

“ನೋಡಿದ್ರ್ಯಾ? ಹಳದಿ ಅನ್ನ. ಇದು ಬಿರ್ಯಾನಿ. ಕೆಲಸಾ ಮಾಡೂಮುಂದ ಉಂಡು ಉಳದದ್ದ ಇದರಾಗ ತೊಳದಾನ ಇಂವ. ಬಸಲಿಂಗಪ್ಪಣ್ಣ, ಲಿಂಗ ಕಟ್ಟಿದವರ ಗಾಡ್ಯಾಗ ಎರಡ ತಿಂಗಳಿಂದ ಬಿರ್ಯಾನಿ ತಿರಗ್ಯಾಡೈತಿ. ನೀವು ಇದರಾಗ ಕುಂತ ಮಠಕ್ಕ ಹೋಗೀರಿ.”

ಜನ ಹುಸೇನಪೀರನ ಕಡೆ ತಿರುಗಿದರು. ಅವನು ಬಾಗಿ ನೆಲದ ಮೇಲಿನ ಅನ್ನವನ್ನು ನೋಡಿದ.

“ಸಿದ್ದಪ್ಪನವರ” ಎಂದ ಮೆಲ್ಲಗೆ, “ಬಿರ್ಯಾನಿ ಹಿಂಗ ಇರೂದಿಲ್ರಿ. ನಮ್ಮ ಅಮ್ಮಾನ ಮುಂದ ಇದಕ್ಕ ಬಿರ್ಯಾನಿ ಅನಬ್ಯಾಡ್ರಿ, ಅಕಿ ಭಾಳ ನೊಂದಕೋತಾಳ.”

“ಮತ್ತ ಏನಿದು? ಅನ್ನಾ ತಾನಾಗಿ ಹುಟ್ಟತೈತೇನು?”

ಹುಸೇನಪೀರ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕತೊಡಗಿದ. ಹಿಂದಿನ ಸೀಟಿನಲ್ಲಿ ಕಾಂತವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಬಸಲಿಂಗಪ್ಪನವರು ಅಂಗಿಯ ಮೇಲಿಂದಲೇ ಎದೆಯ ಲಿಂಗವನ್ನು ಮುಟ್ಟಿಕೊಂಡರು. ಸುತ್ತ ಇಪ್ಪತ್ತು ಮಂದಿ. ಅವರಲ್ಲಿ ಏಳೆಂಟು ಮಂದಿಯ ಹೊಲಗಳನ್ನು ಅವರೇ ಅಳೆದಿದ್ದರು. ‘ಸರ್ವೇ ಸಾಹೇಬ್ರು ಸುಳ್ಳ ಹೇಳೂದಿಲ್ಲ’ ಎಂದು ಆ ಜನ ಅಂದು ಬದುವಿನ ಕಲ್ಲು ನೆಟ್ಟುಕೊಂಡಿದ್ದರು.

“ಸಿದ್ದಪ್ಪಾ” ಎಂದರು ಅವರು. “ಅದು ಅಕ್ಷತಿ.”

“ಎಂಥಾ ಅಕ್ಷತಿ?”

“ಗಂಗವ್ವಗ ಹಾಕಿದ್ದು. ನಮ್ಮ ಮನ್ಯಾಗಿಂದು. ಕ್ಯಾಪ್ ತಗದಾಂವ ನಾನು.”

ಹುಸೇನಪೀರನ ಕೈಯಲ್ಲಿದ್ದ ಸ್ಪ್ಯಾನರು ನಿಂತಿತು. “ಎಷ್ಟ್ ಸಲ್ರಿ, ಸಾಹೇಬ್ರ?”

“ನೀ ನೀರ ಬದಲ ಮಾಡಿದಷ್ಟೂ ಸಲ.”

“ನಾ ನೀರ ಬದಲ ಮಾಡಿದ್ದು ಗಾಡಿ ಕಾಯತೈತಿ ಅಂತ್ರಿ.”

“ನಾವು ಅಕ್ಷತಿ ಹಾಕಿದ್ದು ನೀ ನೀರ ಬದಲ ಮಾಡಿದಿ ಅಂತಪಾ.”

ಹುಸೇನಪೀರ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತುಬಿಟ್ಟ. ಚಹದಂಗಡಿಯವನು ಯಾರೂ ಕೇಳದೆಯೇ ಅವನ ಕೈಗೊಂದು ಕಪ್ ಚಹ ಕೊಟ್ಟ. ಅಷ್ಟರಲ್ಲಿ ಸಿದ್ದಪ್ಪ ಗಂಟಲು ಸರಿಮಾಡಿಕೊಂಡು ಜನರ ಕಡೆ ತಿರುಗಿದ್ದ.

“ನಾ ಮೊದ್ಲಿಂದಾನೂ ಹೇಳಾಕತ್ತಿದ್ದೆ, ಹುಸೇನನ ಕೆಲಸದಾಗ ಖೋಟಾ ಇಲ್ಲಂತ. ಇವರ ಕೇಳವಲ್ಲರು.”

“ಚಲೋ ಆತು” ಎಂದರು ಬಸಲಿಂಗಪ್ಪನವರು. “ಹಂಗಾರ ಮೊದಲನೇ ಪಂಚ ನೀನ ಆಗು.”

ಮೂವತ್ತೆರಡು ವರ್ಷ ಮಾಡಿದ ಕೆಲಸ ಕೈಗೆ ತಾನಾಗಿಯೇ ಬಂತು. ಚಹದಂಗಡಿಯಿಂದ ಕಾಗದ ತರಿಸಿ, ಬಾನೆಟ್ಟಿನ ಮೇಲೆ ಹಾಸಿ, ನಿಂತೇ ಪಂಚನಾಮೆ ಬರೆದರು:

‘ಈ ದಿವಸ ಗಣೇಬೈಲ ಗ್ರಾಮದ ರಸ್ತೆಯಲ್ಲಿ, ಕೆಳಗೆ ಸಹಿ ಮಾಡಿದ ಪಂಚರ ಸಮಕ್ಷಮ ಪರಿಶೀಲಿಸಲಾಗಿ, ಸದರಿ ರೇಡಿಯೇಟರಿನ ಚತುಃಸೀಮೆ: ಮುಂದೆ ಜಾಳಿಗೆ, ಹಿಂದೆ ಫ್ಯಾನು, ಮೇಲೆ ಕ್ಯಾಪು, ಕೆಳಗೆ ಭೂಮಿ. ಸದರಿ ಸೀಮೆಯ ಒಳಗೆ ಅತಿಕ್ರಮಣ ಮಾಡಿ ನೀರಿನ ದಾರಿ ಕಟ್ಟಿದ್ದು: ಬೆಂದ ಅಕ್ಷತೆ, ಅಂದಾಜು ಅರ್ಧ ಸೇರು, ಅರಿಸಿನ, ಕುಂಕುಮ, ವಿಭೂತಿ ಕೂಡಿದ ಕೆಸರು, ಒಂದು ಬೊಗಸೆ. ಬಿರ್ಯಾನಿ ಕಂಡುಬಂದಿಲ್ಲ. ಮೆಕ್ಯಾನಿಕ್ ಹುಸೇನಪೀರನ ಕೆಲಸದಲ್ಲಿ ಲೋಪ ಕಂಡುಬಂದಿಲ್ಲ. ಅಕ್ಷತೆ ಹಾಕಿದವರು: ಕಾಂತವ್ವ ಕೋಂ ಬಸಲಿಂಗಪ್ಪ.’

ಓದಿ ಹೇಳಿದರು. ಹುಸೇನಪೀರ ಎದ್ದು ಬಂದ.

“ಅಕ್ಕಾರ ಹೆಸರ ತಗೀರಿ, ಸಾಹೇಬ್ರ. ಅವರು ನನ್ನ ಸಲುವಾಗಿ ಹಾಕ್ಯಾರ.”

ಬಸಲಿಂಗಪ್ಪನವರು ಆ ಸಾಲನ್ನು ಹೊಡೆದು ಹಾಕಿದರು. ಅದರ ಕೆಳಗೆ ಬರೆದರು: ‘ಕ್ಯಾಪು ತೆಗೆದವರು, ಹಾಗೂ ಮೆಕ್ಯಾನಿಕ್ಕನು ನಾಲ್ಕು ಸಲ ಕೇಳಿದಾಗ ನಾಲ್ಕು ಸಲವೂ ಸುಳ್ಳು ಹೇಳಿದವರು: ಈ ಪಂಚನಾಮೆ ಬರೆದವರು.’ ಸಹಿ ಮಾಡಿದರು. ಸಿದ್ದಪ್ಪ ಸಹಿ ಮಾಡಿದ. ಸೌದೆಯ ಮುದುಕಿ ಹೆಬ್ಬೆಟ್ಟು ಒತ್ತಿದಳು. ಅವಳ ಹೆಬ್ಬೆಟ್ಟಿಗೆ ಅರಿಸಿನ ಹತ್ತಿದ್ದರಿಂದ ಆ ಗುರುತು ಹಳದಿಯಾಗಿಯೇ ಮೂಡಿತು.

ಊರ ಬಾವಿಯ ನೀರಿನಿಂದ ರೇಡಿಯೇಟರನ್ನು ಹಿಂದುಮುಂದಾಗಿ ತೊಳೆದು ಕೂಡಿಸಿದರು. ಕ್ಯಾಪು ಬಿಗಿಯುವಾಗ ಕಾಂತವ್ವ ದ್ವಾರದಂತೆ ತೆರೆದ ಬಾನೆಟ್ಟಿನ ಮುಂದೆ ಬರಿಗೈಯಲ್ಲಿ ನಿಂತು, “ಯವ್ವಾ, ತಿಳೀಲಿಲ್ಲ. ಹೊಟ್ಟ್ಯಾಗ ಹಾಕ್ಕೋ” ಎಂದಳು; ಆಮೇಲೆ ಇನ್ನು ಮೇಲೆ ಹೊಟ್ಟೆಗೆ ಏನೂ ಹಾಕಿಕೊಳ್ಳಬೇಡವೆಂದೂ ಸೇರಿಸಿದಳು. ಖಾನಾಪುರದ ಮಲಪ್ರಭೆಯ ಸೇತುವೆ ದಾಟುವಾಗಲೂ ಮುಳ್ಳು ನಡುವಿನಿಂದ ಕದಲಲಿಲ್ಲ. ಕಾಶವ್ವ ತಮ್ಮನ ಕಾರು ಬಂತೆಂದು ಆರತಿಯ ತಟ್ಟೆ ಹಿಡಿದು ಓಡಿಬಂದಳು. ಬಸಲಿಂಗಪ್ಪನವರು ಬಾನೆಟ್ಟಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತು, “ಅಕ್ಕಾ, ಅಲ್ಲಿಂದನ ಬೆಳಗು” ಎಂದರು.

ಅದೇ ಸಂಜೆ ಕಾರು ಟಿಳಕವಾಡಿಗೆ ಹೋಗಲಿಲ್ಲ. ಸ್ಟೇಶನ್ನಿನ ಮುಂದೆ, ಗೌಸಸಾಬನ ಮೂರು ಟ್ಯಾಕ್ಸಿಗಳ ಪಕ್ಕ ಬಂದು ನಿಂತಿತು. ಗೌಸಸಾಬ ದಪ್ಪ ಮನುಷ್ಯ, ಬೆಂಚಿನ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದ. ಬಸಲಿಂಗಪ್ಪನವರು ಇಳಿದು, ಅವನ ಮುಂದೆ ನಿಂತು, ಡ್ರೈವರುಗಳೆಲ್ಲ ಕೇಳುವ ಹಾಗೆ ಪಂಚನಾಮೆಯನ್ನು ಆದಿಯಿಂದ ಅಂತ್ಯದವರೆಗೆ ಓದಿದರು. ಕೊನೆಯ ಸಾಲನ್ನೂ ಬಿಡಲಿಲ್ಲ.

ಗೌಸಸಾಬ ನಗಲಿಲ್ಲ. ಕಾಗದ ಇಸಿದುಕೊಂಡು ಹಳದಿ ಹೆಬ್ಬೆಟ್ಟನ್ನು ನೋಡಿದ. ಬಾಯಲ್ಲಿದ್ದ ಎಲೆಯನ್ನು ಉಗುಳಿ ಬಂದ. ಡ್ರೈವರುಗಳನ್ನು ಚಹಕ್ಕೆ ಕಳಿಸಿದ. ಅವರೆಲ್ಲ ಹೋದರೆಂದು ಎರಡು ಸಲ ತಿರುಗಿ ನೋಡಿ ಖಾತ್ರಿ ಮಾಡಿಕೊಂಡ.

“ಹುಸೇನ, ಮೂರೂ ಗಾಡಿ ನಾಳಿಂದ ನಿನ್ನ ಹತ್ತಿರನ ಬರ್ತಾವು” ಎಂದ. ಆಮೇಲೆ ಧ್ವನಿ ತಗ್ಗಿಸಿದ. “ಆ ಮೂರನೇದು ಈಗ ಒಂದೀಟ ಬಿಚ್ಚಿ ನೋಡು. ಉರುಸ ಆದ ಮ್ಯಾಲಿಂದ ಅದೂ ಕಾಯಾಕತ್ತೈತಿ. ನಮ್ಮ ಅಮ್ಮಾ ದರ್ಗಾದ ಗಂಧಾ ತಂದಿದ್ಲು.”

ಹುಸೇನಪೀರ ಬಸಲಿಂಗಪ್ಪನವರ ಮುಖ ನೋಡಿದ. ಬಸಲಿಂಗಪ್ಪನವರು ಕಿಸೆಯಿಂದ ಪೆನ್ನು ತೆಗೆದು ಬೆಂಚಿನ ಮೇಲೆ ಕುಳಿತರು.

“ಮನ್ಯಾಗಿನವರ ಹೆಸರ ಬ್ಯಾಡ” ಎಂದರು. “ಕ್ಯಾಪ್ ತಗದಾವ್ರು ಯಾರು, ಅಷ್ಟ ಹೇಳ್ರಿ.”